ಖಾಲಿ ತಟ್ಟೆಯ ತೂಕ

ಶಾಲೆಯಿಂದ ಲಕೋಟೆ ಬಂದ ಹೊತ್ತಿಗೆ ತಕ್ಕಡಿ ಮೇಷ್ಟ್ರು ಹಳೇ ಪೇಪರ್ ಅಂಗಡಿಯವನ ತಕ್ಕಡಿಯನ್ನು ಬಿಚ್ಚಿ ಹರವಿಕೊಂಡು ಅವನಿಗೆ ಪಾಠ ಹೇಳುತ್ತಿದ್ದರು. ಮೇಷ್ಟ್ರು ಎಂದರೆ ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಅವರು ಆರನೇ ತರಗತಿಯಲ್ಲೇ ಶಾಲೆ ಬಿಟ್ಟವರು. ಅಂಗಡಿಗಳ ತಕ್ಕಡಿ ರಿಪೇರಿ ಮಾಡುವುದು, ತೂಕ ಸರಿಯಿದೆಯೋ ಇಲ್ಲವೋ ಪರೀಕ್ಷೆ ಮಾಡಿ ಕೊಡುವುದು ಅವರ ಕಸುಬು. ಆದರೆ ರಿಪೇರಿಗೆಂದು ಬಂದವರು ತಕ್ಕಡಿಯ ಜೊತೆಗೆ ಅರ್ಧ ಗಂಟೆಯ ಉಪದೇಶವನ್ನೂ ಹೊತ್ತುಕೊಂಡು ಹೋಗಬೇಕಾಗುತ್ತಿತ್ತು. ಅದಕ್ಕೇ ಆ ಹೆಸರು. ಇಟ್ಟವರು ಗೇಲಿಗೆ ಇಟ್ಟಿದ್ದರು. ಇವರು ಅದನ್ನು ಬಿರುದೆಂದು ತಿಳಿದು ಮೂವತ್ತು ವರ್ಷದಿಂದ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದರು.

ಪಾಠ ಮಾತ್ರ ಯಾವಾಗಲೂ ಒಂದೇ. "ಮೊದಲು ಸೊನ್ನೆ ನೋಡಪ್ಪ. ಆಮೇಲೆ ಮುಳ್ಳು ತೋರಿಸಿದ್ದಕ್ಕೆ ಎದುರು ಮಾತಿಲ್ಲ. ತಟ್ಟೆ ಖಾಲಿ ಇದ್ದಾಗ ಮುಳ್ಳು ಎಲ್ಲಿ ನಿಲ್ಲುತ್ತೆ ಅಂತ ನೋಡದೆ ತೂಗೋನು ಒಂದೋ ಕಳ್ಳ, ಇಲ್ಲಾ ಪೆದ್ದ. ನೀನು ಯಾವುದು ಅಂತ ನಾನು ಕೇಳಲ್ಲ."

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಗೋಡೆ ತುಂಬ ಕೊಕ್ಕೆ, ಕೊಕ್ಕೆ ತುಂಬ ತಕ್ಕಡಿ. ಮೇಜಿನ ಮೇಲೊಂದು ಮರದ ಪೆಟ್ಟಿಗೆ, ಅದರೊಳಗೆ ಒಂದು ಗ್ರಾಮಿನಿಂದ ಒಂದು ಕಿಲೋವರೆಗೆ ಹಿತ್ತಾಳೆಯ ತೂಕದ ಕಲ್ಲುಗಳು ಮೆತ್ತನೆಯ ಬಟ್ಟೆಯ ಮೇಲೆ ಮಲಗಿರುತ್ತಿದ್ದವು. ಅವನ್ನು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ. ತಕ್ಕಡಿಯ ಕೀಲುಗಳಿಗೆ ಮೇಷ್ಟ್ರು ಎಣ್ಣೆ ಹಾಕುತ್ತಿರಲಿಲ್ಲ, ಎಣ್ಣೆಗೆ ದೂಳು ಅಂಟುತ್ತದೆ. ಪೆನ್ಸಿಲಿನ ಸೀಸವನ್ನು ನುಣ್ಣಗೆ ಅರೆದು ಆ ಪುಡಿಯನ್ನು ಹೆಬ್ಬೆರಳಿನಿಂದ ಸವರುವುದು ಅವರಿಗೆ ಕೆಲಸ ಕಲಿಸಿದವರಿಂದ ಬಂದ ವಿದ್ಯೆ. ಹಾಗಾಗಿ ಬಲಗೈ ಹೆಬ್ಬೆರಳು ಸದಾ ಕಪ್ಪು. ಎಷ್ಟು ಸೋಪು ಹಾಕಿ ಉಜ್ಜಿದರೂ ಅದು ಬಿಡುತ್ತಿರಲಿಲ್ಲ. ಬಾಗಿಲು, ಲೋಟ, ದೀಪದ ಸ್ವಿಚ್ಚು, ಎಲ್ಲದರ ಮೇಲೂ ಅದರ ಸಹಿ ಇರುತ್ತಿತ್ತು. ಒಳಕೋಣೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಹೆಂಡತಿಗೆ ಅದೇ ದೊಡ್ಡ ತಲೆನೋವು. "ರೀ, ಬಿಳಿ ಬಟ್ಟೆ ಹತ್ತಿರ ಬರಬೇಡಿ. ಬೇಕಾದ್ರೆ ಆ ಬೆರಳಿಗೊಂದು ಟೋಪಿ ಹೊಲಿದುಕೊಡ್ತೀನಿ," ಎನ್ನುತ್ತಿದ್ದಳು.

ಹತ್ತು ವರ್ಷದ ಮಗಳನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ಅವಳಿಗೊಂದು ಆಟವಿತ್ತು. ಸಂಜೆ ಶಾಲೆಯಿಂದ ಬಂದವಳೇ ಕೈಗೆ ಸಿಕ್ಕಿದ್ದನ್ನು, ಈರುಳ್ಳಿಯೋ ಬೀಗವೋ ಅಜ್ಜಿಯ ಕನ್ನಡಕವೋ, ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ, "ನೂರಾ ಹದಿನೆಂಟು ಗ್ರಾಂ," ಎನ್ನುತ್ತಿದ್ದಳು. ಮೇಷ್ಟ್ರು ತಕ್ಕಡಿಗೆ ಹಾಕಿ ನೋಡಿದರೆ ಎರಡು ಮೂರು ಗ್ರಾಮಿನ ವ್ಯತ್ಯಾಸ, ಅಷ್ಟೇ. ಮೂವತ್ತು ವರ್ಷ ತಕ್ಕಡಿಯ ಜೊತೆ ಬದುಕಿದ ಮೇಷ್ಟ್ರಿಗೇ ಅದು ಬರುತ್ತಿರಲಿಲ್ಲ. ಅದಕ್ಕಾಗಿ ಅವರಿಗೆ ಹೊಟ್ಟೆಕಿಚ್ಚೂ ಇತ್ತು, ಹೆಮ್ಮೆಯೂ ಇತ್ತು. ಹೆಮ್ಮೆ ಎರಡು ಗ್ರಾಂ ಜಾಸ್ತಿಯೇ ಇದ್ದೀತು.

ಗುಬ್ಬಿಯ ಶಾಲೆ ಐದನೇ ತರಗತಿಗೆ ಮುಗಿಯುತ್ತಿತ್ತು. ಮುಂದೆ ಓದಲು ಎತ್ತರದ ಗೇಟಿನ ಖಾಸಗಿ ಶಾಲೆಗೆ ಸೇರಿಸಬೇಕೆಂದು ಹೆಂಡತಿ ಪಟ್ಟು ಹಿಡಿದಳು. ಆ ಶಾಲೆಗೆ ಸೇರಲು ಪ್ರವೇಶ ಪರೀಕ್ಷೆ, ಗುಬ್ಬಿ ಅದನ್ನು ಬರೆದೂ ಬಂದಳು. ಫಲಿತಾಂಶ ಬರುವ ಮೊದಲೇ ಹೆಂಡತಿ ಆ ಶಾಲೆಯ ಸಮವಸ್ತ್ರವನ್ನು ಜೇಬಿನ ಲಾಂಛನ ಸಮೇತ ಹೊಲಿದು ಇಸ್ತ್ರಿ ಮಾಡಿ ಬೀರುವಿನಲ್ಲಿಟ್ಟಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎನ್ನುತ್ತಾರಲ್ಲ, ಈಕೆ ಕುಲಾವಿಗೆ ಗುಂಡಿಯನ್ನೂ ಹಚ್ಚಿ ಕೂತಿದ್ದಳು.

ಲಕೋಟೆಯಲ್ಲಿ ನಾಲ್ಕು ಹಾಳೆಗಳಿದ್ದವು. ನಾಲ್ಕು ಹಾಳೆಯಲ್ಲಿ ಮೂರು ಅಂಕಿಗಳು. ಸ್ಕೇಲ್ಡ್ ಸ್ಕೋರ್ ಐನೂರ ಮೂವತ್ತೆಂಟು. ಪರ್ಸೆಂಟೈಲ್ ನಲವತ್ತೇಳು. ಸ್ಟನೈನ್ ಎಂಬ ಮೂರನೇ ಸಾಲಿನಲ್ಲಿ ಐದು.

ಹೆಂಡತಿ ಮೊದಲನೆಯದನ್ನು ನೋಡಿದಳು. "ಐನೂರ ಮೂವತ್ತೆಂಟು! ನಮ್ಮ ವಂಶದಲ್ಲಿ ಯಾರಾದ್ರೂ ಐನೂರು ತಗೊಂಡಿದ್ದಾರಾ?" ಎಂದು ಅಕ್ಕಪಕ್ಕದ ಎರಡು ಮನೆಗೆ ಹೇಳಿ ಬಂದಳು. ವಾಪಸು ಬಂದು ಎರಡನೆಯದನ್ನು ನೋಡಿದಳು. ನೂರಕ್ಕೆ ನಲವತ್ತೇಳು ಎಂದರೆ ಕೂದಲೆಳೆಯಲ್ಲಿ ಪಾಸು. ಮೂರನೆಯದನ್ನು ನೋಡಿ ಕುಸಿದು ಕೂತಳು. "ಐದು? ಬರೀ ಐದಾ?"

"ಪಾಸೋ ಫೇಲೋ, ಅಷ್ಟು ಹೇಳ್ರೋ," ಎಂದರು ಮೂಲೆಯಲ್ಲಿ ಕೂತಿದ್ದ ಅಜ್ಜಿ, ಅಂದರೆ ಮೇಷ್ಟ್ರ ತಾಯಿ. ಅದನ್ನು ಹೇಳುವ ಸಾಲು ನಾಲ್ಕೂ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಕೊನೆಯ ಹಾಳೆಯ ಬುಡದಲ್ಲಿ ಸಣ್ಣಕ್ಷರದಲ್ಲಿ, ಐವತ್ತಕ್ಕಿಂತ ಕಡಿಮೆ ಪರ್ಸೆಂಟೈಲ್ ಬಂದವರನ್ನು ಸಂದರ್ಶನಕ್ಕೆ ಕರೆಯುವುದಿಲ್ಲ ಎಂದಿತ್ತು.

ಗುಬ್ಬಿ ಅಳಲಿಲ್ಲ. ಅತ್ತಿದ್ದರೆ ಮೇಷ್ಟ್ರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಮಾರನೆಯ ದಿನ ಸಂಜೆ ಅವರು ಒಂದು ನಿಂಬೆಹಣ್ಣನ್ನು ಅವಳ ಕೈಗೆ ಕೊಟ್ಟು, "ಎಷ್ಟು ಹೇಳು ನೋಡೋಣ," ಎಂದರು. ಅವಳು ಹಣ್ಣನ್ನು ಹಾಗೇ ಮೇಜಿನ ಮೇಲಿಟ್ಟಳು.

"ನಂಗೊತ್ತಾಗಲ್ಲ ಅಪ್ಪ. ನಾನು ನಲವತ್ತೇಳು."

"ಅದು ಪರೀಕ್ಷೆ ಕಣಮ್ಮ, ಇದು ಬೇರೆ."

"ತೂಕ ಮಾಡಿರೋದು ನನ್ನನ್ನೇ ಅಲ್ವಾ? ನೀನೇ ಹೇಳ್ತೀಯಲ್ಲ, ಮುಳ್ಳು ತೋರಿಸಿದ ಮೇಲೆ ಮಾತಾಡಬಾರದು ಅಂತ."

ಸ್ವಂತ ಉಪದೇಶ ತಿರುಗಿ ಬಂದು ತಲೆಗೆ ಬಡಿದರೆ ಹೇಗಿರುತ್ತದೆಂದು ಮೇಷ್ಟ್ರಿಗೆ ಅಂದು ಗೊತ್ತಾಯಿತು. ಸೀಟು ಸಿಗದಿದ್ದರೆ ಹಾಳಾಗಿ ಹೋಗಲಿ, ಊರಲ್ಲಿ ಬೇರೆ ಶಾಲೆಗಳಿದ್ದವು. ಆದರೆ ಹತ್ತು ವರ್ಷಕ್ಕೇ ಹುಡುಗಿ ತನ್ನ ಹೆಸರಿನ ಜಾಗದಲ್ಲಿ ಒಂದು ಅಂಕಿ ಬರೆದುಕೊಂಡು ಬದುಕುವುದನ್ನು ನೋಡಿಕೊಂಡಿರಲು ಅವರಿಂದ ಸಾಧ್ಯವಿರಲಿಲ್ಲ. ಅದು ಹೇಗಿರುತ್ತದೆಂದು ಅವರಿಗೆ ತಿಳಿದಿತ್ತು. ಹೇಗೆ ತಿಳಿದಿತ್ತೆಂದು ಅವರು ಯಾರಿಗೂ ಹೇಳಿರಲಿಲ್ಲ.

ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಶಾಲೆಗೆ ಹೋದರು. ಕಛೇರಿಯಲ್ಲಿ ಕನ್ನಡಕದ ಗುಮಾಸ್ತನೊಬ್ಬ ಕ್ಯಾಲ್ಕುಲೇಟರ್ ಒತ್ತುತ್ತ ನಿಟ್ಟುಸಿರು ಬಿಡುತ್ತಿದ್ದ.

"ಸ್ವಾಮಿ, ಒಂದು ಹುಡುಗಿಗೆ ಮೂರು ತೂಕ ಹೇಗೆ ಬರುತ್ತೆ?" ಎಂದು ಕೇಳಿದರು ಮೇಷ್ಟ್ರು.

ಗುಮಾಸ್ತ ಒಳ್ಳೆಯವನೇ. ಯಾರೂ ತನ್ನನ್ನು ಏನೂ ಕೇಳುವುದಿಲ್ಲವೆಂಬ ಕೊರಗಿನಲ್ಲಿದ್ದವನು ಕುರ್ಚಿ ಎಳೆದು ಕೂರಿಸಿದ. "ನಲವತ್ತೇಳು ಅಂದ್ರೆ ನೂರಕ್ಕೆ ನಲವತ್ತೇಳು ಮಾರ್ಕ್ಸ್ ಅಲ್ಲ. ಬರೆದ ಮಕ್ಕಳನ್ನ ನೂರು ಜನರ ಸಾಲು ಮಾಡಿ ನಿಲ್ಲಿಸಿದ್ರೆ, ನಿಮ್ಮ ಮಗಳ ಹಿಂದೆ ನಲವತ್ತೇಳು ಜನ ನಿಲ್ತಾರೆ. ಅಷ್ಟೇ."

"ಎಷ್ಟು ಮಕ್ಕಳು ಬರೆದ್ರು?"

"ತೊಂಬತ್ತೊಂಬತ್ತು." ಗುಮಾಸ್ತನ ಮುಖ ಬಾಡಿತು. "ಅದೇ ನನ್ನ ಗೋಳು. ಎಲ್ಲವನ್ನೂ ತೊಂಬತ್ತೊಂಬತ್ತರಿಂದ ಭಾಗಿಸಬೇಕು. ಇನ್ನೊಂದೇ ಒಂದು ಮಗು ಬಂದಿದ್ರೆ ಲೆಕ್ಕ ಬೆಣ್ಣೆ ತರ ಆಗ್ತಿತ್ತು."

ಮೇಷ್ಟ್ರು ಯೋಚನೆ ಮಾಡಿದರು. "ಅಂದ್ರೆ ನನ್ನ ಮಗಳನ್ನ ಕಲ್ಲಿಟ್ಟು ತೂಗಿಲ್ಲ. ಬೇರೆ ಮಕ್ಕಳನ್ನ ಆ ಕಡೆ ಕೂರಿಸಿ ತೂಗಿದ್ದೀರಿ."

"ಒಂಥರಾ ಹೌದು."

"ಮತ್ತೆ ಆ ಮಕ್ಕಳನ್ನ ಯಾವ ಕಲ್ಲಿಟ್ಟು ತೂಗಿದ್ರಿ?"

ಗುಮಾಸ್ತ ಕ್ಯಾಲ್ಕುಲೇಟರನ್ನು ಬದಿಗೆ ಸರಿಸಿದ. "ನಿಮ್ಮ ಮಗಳನ್ನ ಈ ಕಡೆ ಕೂರಿಸಿ," ಎಂದ.

ಮೇಷ್ಟ್ರಿಗೆ ಬೆವರು ಬಂತು. ಅವರ ಕಸುಬಿನಲ್ಲಿ ಹೀಗೆ ಮಾಡಿದವರ ಅಂಗಡಿಗೆ ಬೀಗ ಬೀಳುತ್ತದೆ. ಗುಮಾಸ್ತ ಉಳಿದದ್ದನ್ನೂ ಹೇಳಿದ. ಮೂರನೆಯ ಅಂಕಿ ಒಂಬತ್ತು ಮೆಟ್ಟಿಲಿನ ಏಣಿಯಂತೆ, ಐದು ಎಂದರೆ ನಟ್ಟನಡುವಿನ ಮೆಟ್ಟಿಲು. ಮೊದಲನೆಯ ಅಂಕಿ ನಾನೂರರಿಂದ ಏಳುನೂರರವರೆಗೆ ಓಡುತ್ತದೆ.

"ನಾನೂರರಿಂದ ಯಾಕೆ? ಸೊನ್ನೆಯಿಂದ ಯಾಕಲ್ಲ?"

"ಹಾಗೇ ರೂಢಿ."

"ಏನೂ ಬರೆಯದೆ ಎದ್ದು ಬಂದವನಿಗೂ ನಾನೂರಾ?"

"ಬರೆಯದೆ ಯಾರೂ ಬಂದಿಲ್ಲವಲ್ಲ ಇವರೇ. ಎಲ್ಲರ ಅಪ್ಪ ಅಮ್ಮ ಹೊರಗೆ ನಿಂತಿರ್ತಾರೆ."

ಅಂದರೆ ಈ ತಕ್ಕಡಿಯ ಸೊನ್ನೆಯನ್ನು ಯಾರೂ ನೋಡಿಯೇ ಇಲ್ಲ. ಮೇಷ್ಟ್ರು ಸೀದಾ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು. ಪ್ರಿನ್ಸಿಪಾಲ್ ಮೇಡಂ ನಿಯಮವನ್ನು ಬಿಟ್ಟು ಒಂದು ಹೆಜ್ಜೆ ಆಚೆ ಇಡದವರು, ನೀರು ಕುಡಿಯುವುದಕ್ಕೂ ಗಡಿಯಾರ ನೋಡುತ್ತಿದ್ದರು. ಮೇಷ್ಟ್ರು ಹಾಳೆಯಲ್ಲಿ ನಲವತ್ತೇಳರ ಎರಡೂ ಕಡೆ ಶಾಲೆಯವರೇ ಅಚ್ಚು ಹಾಕಿದ್ದ ಸಣ್ಣ ಪಟ್ಟಿಯನ್ನು ತೋರಿಸಿದರು. ಮಗು ಇನ್ನೊಂದು ದಿನ ಬರೆದಿದ್ದರೆ ನಲವತ್ತಮೂರರಿಂದ ಐವತ್ತೊಂದರವರೆಗೆ ಎಲ್ಲಿ ಬೇಕಾದರೂ ಬರಬಹುದಿತ್ತು ಎಂದು ಅದರ ಕೆಳಗೆ ಬರೆದಿತ್ತು.

"ಐವತ್ತೊಂದು ಬರಬಹುದಿತ್ತಾ ಮೇಡಂ?"

"ಬರಬಹುದಿತ್ತು."

"ಮತ್ತೆ?"

"ಬರಲಿಲ್ಲವಲ್ಲ."

"ಹಾಗಾದ್ರೆ ತಕ್ಕಡಿ ಪರೀಕ್ಷೆ ಆಗ್ಲಿ. ಖಾಲಿ ತಟ್ಟೆ ಇಟ್ಟು ಸೊನ್ನೆ ತೋರಿಸಿ."

"ಪರೀಕ್ಷೆಯನ್ನು ಪರೀಕ್ಷೆ ಮಾಡೋಕೆ ನಮ್ಮಲ್ಲಿ ಅವಕಾಶ ಇಲ್ಲ," ಎಂದರು ಮೇಡಂ. "ಪರೀಕ್ಷೆ ತಪ್ಪಿಸಿಕೊಂಡ ಅಭ್ಯರ್ಥಿಗಳಿಗೆ ಮಾತ್ರ ಬರೋ ಶನಿವಾರ ಇನ್ನೊಂದು ಸಲ ಇದೆ."

ಇಲ್ಲಿ ಬೇರೆಯವರಾದರೆ ಮನೆಗೆ ಹೋಗಿ ಮಲಗುತ್ತಿದ್ದರು. ಮೇಷ್ಟ್ರು ಅರ್ಜಿ ತೆಗೆದುಕೊಂಡು ನಿಯಮಗಳನ್ನು ಓದಿದರು. ಅಭ್ಯರ್ಥಿಗೆ ಹತ್ತು ವರ್ಷ ತುಂಬಿರಬೇಕು. ಅವರಿಗೆ ತುಂಬಿತ್ತು, ತುಂಬಿ ನಲವತ್ತೆರಡು ವರ್ಷ ಹೊರಗೆ ಚೆಲ್ಲಿಯೂ ಇತ್ತು. ಐದನೇ ತರಗತಿ ಪಾಸಾಗಿರಬೇಕು. ಆಗಿದ್ದರು. ಆರನೇ ತರಗತಿ ಪಾಸಾಗಿರಬಾರದು. ಅದೂ ಆಗಿರಲಿಲ್ಲ. ಪೋಷಕರ ಹೆಸರಿನ ಜಾಗದಲ್ಲಿ ತಾಯಿಯ ಹೆಸರು ಬರೆದರು. ಗುಮಾಸ್ತ ಅರ್ಜಿ ನೋಡಿ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಅವನ ಮುಖ ಅರಳಿತು. "ನೂರು!" ಎಂದು ಠಸ್ಸೆ ಒತ್ತಿಯೇ ಬಿಟ್ಟ.

ಶನಿವಾರ ಬೆಳಿಗ್ಗೆ ಆ ದೊಡ್ಡ ಹಾಲಿನಲ್ಲಿ ಇದ್ದವರು ಅವರೊಬ್ಬರೇ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಗುಮಾಸ್ತ ಎದುರು ನಿಂತು, "ಮಕ್ಕಳೇ, ಹೆದರಬೇಡಿ, ಉಸಿರು ನಿಧಾನವಾಗಿ ಎಳೆದುಕೊಳ್ಳಿ," ಎಂದು ನಿಯಮದಂತೆ ಓದಿದ. ಮೇಷ್ಟ್ರು ನಿಧಾನವಾಗಿ ಎಳೆದುಕೊಂಡರು.

ಖಾಲಿ ತಟ್ಟೆಯಾಗಿ, ಏನೂ ಬರೆಯದೆ ಎರಡು ಗಂಟೆ ಕೂರುವುದು ಸುಲಭವೆಂದು ತಿಳಿದಿದ್ದರು. ಅದು ಅವರು ಬಾಳಿನಲ್ಲಿ ಮಾಡಿದ ಅತಿ ಕಷ್ಟದ ಕೆಲಸವಾಯಿತು. ಹನ್ನೆರಡನೇ ಪ್ರಶ್ನೆಯಲ್ಲಿ ಒಂದು ತಕ್ಕಡಿಯ ಚಿತ್ರವೇ ಇತ್ತು. ಒಂದು ಕಡೆ ಮೂರು ಸೇಬು, ಇನ್ನೊಂದು ಕಡೆ ಒಂದು ಕಲ್ಲು. ಉತ್ತರ ಗೊತ್ತಿತ್ತು. ನಲವತ್ತು ವರ್ಷದ ಮೇಲೆ ಒಂದು ಪ್ರಶ್ನೆಪತ್ರಿಕೆ ಅವರಿಗೆ ಗೊತ್ತಿರುವುದನ್ನು ಕೇಳಿತ್ತು! ಪೆನ್ಸಿಲ್ ಹಿಡಿಯಲು ಕೈ ತುರಿಸಿತು. ಪೆನ್ಸಿಲನ್ನು ಎಡಗೈಯಲ್ಲಿ ಹಿಡಿದು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತರು. ಪೆನ್ಸಿಲಿನಿಂದ ಗೋಲ ತುಂಬುವ ಉತ್ತರದ ಹಾಳೆ ಫ್ಯಾನಿನ ಗಾಳಿಗೆ ಹಾರುತ್ತಿತ್ತು. ಬಲಗೈ ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದು, ಚಡಪಡಿಕೆಗೆ ಮೇಲಿಂದ ಕೆಳಗೆ, ಮೇಲಿಂದ ಕೆಳಗೆ ಸವರುತ್ತ ಎರಡು ಗಂಟೆ ಕಳೆದರು. ಹಾಳೆ ವಾಪಸು ಕೊಡುವಾಗ ಪೆನ್ಸಿಲಿನ ಮೊನೆ ಹೊಸದಾಗಿಯೇ ಇತ್ತು.

ಐದು ದಿನಕ್ಕೆ ಇನ್ನೊಂದು ಲಕೋಟೆ ಬಂತು, ಅಜ್ಜಿಯ ಹೆಸರಿಗೆ. ಅಜ್ಜಿಗೆ ಓದಲು ಬಾರದು, ಗುಬ್ಬಿಯೇ ಓದಿದಳು.

"ಪ್ರೀತಿಯ ಪೋಷಕರೇ, ನಿಮ್ಮ ಮಗು ಐವತ್ತೆಂಟು ಪರ್ಸೆಂಟೈಲ್ ಪಡೆದಿದೆ ಎಂದು ತಿಳಿಸಲು ಸಂತೋಷವಾಗುತ್ತದೆ. ಸೋಮವಾರ ಹತ್ತು ಗಂಟೆಗೆ ಮಗುವನ್ನು ಶುಚಿಯಾದ ಉಡುಪಿನಲ್ಲಿ ಸಂದರ್ಶನಕ್ಕೆ ಕರೆತನ್ನಿ."

ಮೊದಲು ಅಜ್ಜಿಗೆ ಅರ್ಥವಾಯಿತು. "ನನ್ನ ಮಗ ಪಾಸು!" ಎಂದು ಎಪ್ಪತ್ತಾರು ವರ್ಷದ ಹೆಂಗಸು ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಓಡಿದರು. ಹೆಂಡತಿ ಅಭ್ಯಾಸಬಲದಿಂದ ಅಳತೆಯ ಟೇಪು ತಂದು ಗಂಡನ ಸೊಂಟಕ್ಕೆ ಸುತ್ತಿದಳು. "ಆ ಶಾಲೆ ನಿಕ್ಕರಿನ ಬಟ್ಟೆ ನಿಮಗೆ ಎರಡು ಮೀಟರ್ ಆದ್ರೂ ಬೇಕು," ಎಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ.

"ಖಾಲಿ ಹಾಳೆ ಕೊಟ್ಟಿದ್ದಲ್ವಾ ಅಪ್ಪ?" ಗುಬ್ಬಿ ಕೇಳಿದಳು.

"ಒಂದು ಚುಕ್ಕಿ ಇಟ್ಟಿಲ್ಲ ಕಣಮ್ಮ."

"ಹೌದಾ." ಅವಳು ಕಾಗದವನ್ನು ಮಡಿಸಿದಳು. "ಬರೆಯದೆ ನೀನು ಐವತ್ತೆಂಟು. ಅಷ್ಟೆಲ್ಲ ಬರೆದು ನಾನು ನಲವತ್ತೇಳು."

ತಕ್ಕಡಿಯ ತಪ್ಪು ಹಿಡಿಯಲು ಹೋದವರು ಮಗಳನ್ನು ಇನ್ನೂ ಹನ್ನೊಂದು ಮೆಟ್ಟಿಲು ಕೆಳಗೆ ತಳ್ಳಿ ಬಂದಿದ್ದರು. ಆ ದಿನ ಮೇಷ್ಟ್ರು ಯಾರಿಗೂ ಪಾಠ ಹೇಳಲಿಲ್ಲ. ರಿಪೇರಿಗೆ ಬಂದ ತರಕಾರಿಯವಳು ಇವರಿಗೆ ಮೈ ಹುಷಾರಿಲ್ಲವೇ ಎಂದು ಪಕ್ಕದವರಲ್ಲಿ ವಿಚಾರಿಸಿ ಹೋದಳು.

ಸೋಮವಾರ ಅಜ್ಜಿ ಮಗನ ಕೂದಲಿಗೆ ನೀರು ಹಚ್ಚಿ ಬಾಚಿ, ಕೈ ಹಿಡಿದು ಶಾಲೆಗೆ ಕರೆದೊಯ್ದರು. ಅಜ್ಜಿಯ ಚೀಲ ಹಿಡಿಯಲು ಗುಬ್ಬಿಯೂ ಹೋದಳು. ಪ್ರಿನ್ಸಿಪಾಲ್ ಮೇಡಂ ಅಭ್ಯರ್ಥಿಯನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೇಷ್ಟ್ರು ಬಾಯಿ ತೆಗೆದರು. ಮೇಡಂ ಕೈ ಎತ್ತಿ ತಡೆದರು. ನಿಯಮದ ಪ್ರಕಾರ ಮೊದಲು ಪೋಷಕರು ಮಾತಾಡಬೇಕು.

"ಮಗು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೆ?"

"ಐದಕ್ಕೇ ಏಳ್ತಾನೆ. ಎದ್ದು ಎಲ್ಲರನ್ನೂ ಏಳಿಸ್ತಾನೆ."

"ಬೇರೆ ಮಕ್ಕಳ ಜೊತೆ ಹೊಂದಿಕೊಳ್ಳುತ್ತಾ?"

"ಹೆಂಡತಿ ಜೊತೆ ಹೊಂದ್ಕೊಂಡಿದಾನೆ. ಅಥವಾ ಅವಳೇ ಹೊಂದ್ಕೊಂಡಿದಾಳೆ, ಪಾಪ."

"ಮಗುವಿನ ದೌರ್ಬಲ್ಯ?"

"ಹಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು."

ಮೇಡಂ ಬರೆದುಕೊಂಡರು. "ಹಿಂದಿನ ಶಾಲೆ ಬಿಟ್ಟಿದ್ದು ಯಾಕೆ?"

ಅಜ್ಜಿಯ ಕೈ ಸೆರಗಿನ ತುದಿಯನ್ನು ಹುಡುಕಿತು. "ಆರನೇ ಕ್ಲಾಸಲ್ಲಿ ಮೂವತ್ತೊಂದು ಬಂತು," ಎಂದರು. "ಅಲ್ಲಿನ ಮೇಷ್ಟ್ರು ನನ್ನನ್ನ ಕರೆದು ಆ ಕಾಗದ ತೋರಿಸಿದ್ರು. ನಿಮ್ಮ ಹುಡುಗನ ತಲೆ ಇಷ್ಟೇ ಕಣಮ್ಮ, ಯಾವುದಾದ್ರೂ ಕೆಲಸಕ್ಕೆ ಹಾಕಿ ಅಂದ್ರು. ನಂಗೆ ಓದೋಕೆ ಬರಲ್ಲ. ಅಂಕಿ ಮಾತ್ರ ಕಾಣಿಸ್ತು. ನಂಬಿಬಿಟ್ಟೆ. ಅವನು ಎರಡು ದಿನ ಚೀಲ ತಗೊಂಡು ಬಾಗಿಲಲ್ಲಿ ನಿಂತಿದ್ದ, ಕಳಿಸ್ತಾಳೇನೋ ಅಂತ. ನಾನೇ ಚೀಲ ಕಿತ್ಕೊಂಡು ಅಟ್ಟಕ್ಕೆ ಹಾಕಿದೆ." ಅವರು ಮಗನ ಕಡೆ ತಿರುಗಿದರು. "ಅವತ್ತು ತಕ್ಕಡಿ ಸರಿ ಇದೆಯಾ ಅಂತ ಕೇಳೋರು ನಮ್ಮ ಕಡೆ ಯಾರೂ ಇರ್ಲಿಲ್ಲ ಕಣೋ."

ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಿದ್ದರು. ಗುಬ್ಬಿ ಅಪ್ಪನನ್ನು ಹೊಸಬನೆಂಬಂತೆ ನೋಡಿದಳು. ಅಪ್ಪನಿಗೂ ಒಂದು ಅಂಕಿ ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ.

ಕೊನೆಗೆ ಮೇಷ್ಟ್ರು ಈ ಕಡೆ ತಿರುಗಿದರು. "ಮೇಡಂ, ನಾನು ಏನೂ ಬರೆದಿಲ್ಲ. ಹಾಳೆ ತರಿಸಿ."

ಗುಮಾಸ್ತ ಹಾಳೆ ತಂದ. ನಾಲ್ಕು ಸಾಲು ಗೋಲಗಳಲ್ಲಿ ಎರಡನೆಯ ಸಾಲಿನ ಉದ್ದಕ್ಕೂ ಬೂದು ಬಣ್ಣದ ಒಂದು ಪಟ್ಟೆ ಎಳೆದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಎಲ್ಲರೂ ಮೇಷ್ಟ್ರ ಹೆಬ್ಬೆರಳನ್ನು ನೋಡಿದರು. ಪೆನ್ಸಿಲಿನ ಪುಡಿ. ಹಾಳೆ ತಿದ್ದುವ ಯಂತ್ರ ಅದನ್ನು ಉತ್ತರವೆಂದು ಓದಿ, ಅರವತ್ತು ಪ್ರಶ್ನೆಗೂ 'ಬಿ' ಎಂದು ಬರೆದುಕೊಂಡಿತ್ತು.

"ಈ ಸಲ ಪ್ರಶ್ನೆ ಬರೆದವರಿಗೆ 'ಬಿ' ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ," ಎಂದ ಗುಮಾಸ್ತ ತಲೆ ತಗ್ಗಿಸಿ.

ಪ್ರಿನ್ಸಿಪಾಲರಿಗೆ ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಯಂತ್ರ ತಪ್ಪೆಂದರೆ ನೂರು ಹಾಳೆಗಳನ್ನೂ ಕೈಯಲ್ಲಿ ತಿದ್ದಬೇಕು. ಸರಿಯೆಂದರೆ ಐವತ್ತೆರಡು ವರ್ಷದವನನ್ನು ಆರನೇ ತರಗತಿಗೆ ಸೇರಿಸಿಕೊಳ್ಳಬೇಕು. ಅವರು ಗಡಿಯಾರ ನೋಡಿ ಒಂದು ಲೋಟ ನೀರು ಕುಡಿದರು. ನಿಯಮಗಳ ಪುಸ್ತಕ ತೆರೆದರು, ಮುಚ್ಚಿದರು.

"ಸೀಟು ತಗೊಳ್ತೀರಾ?" ಎಂದರು.

ಇಂಥ ಹುಚ್ಚು ಪ್ರಶ್ನೆಗೆ ಮೇಷ್ಟ್ರು ಪಕಪಕನೆ ನಗಬೇಕಿತ್ತು. ನಗಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೆ ಆ ಸೀಟು ಬೇಕಾಗಿತ್ತು. ಮೇಜಿನ ಮೇಲೆ ಶಾಲೆಯ ಮುದ್ರೆ ಬಿದ್ದ ಕಾಗದವಿತ್ತು, ಅದರಲ್ಲಿ ಈ ಹುಡುಗ ಯೋಗ್ಯ ಎಂದು ಅಚ್ಚಾಗಿತ್ತು. ಅದು ಸುಳ್ಳೆಂದು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ. ಆದರೂ ನಲವತ್ತು ವರ್ಷದ ಹಿಂದೆ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ ಹುಡುಗ ಒಳಗಿಂದ ಕೈ ಚಾಚುತ್ತಿದ್ದ. ಮೇಷ್ಟ್ರ ಕಣ್ಣು ತುಂಬಿತು. ಕೈ ಕಾಗದದ ಕಡೆ ಹೋಯಿತು.

ಗುಬ್ಬಿ ಆ ಕೈಯನ್ನು ಹಿಡಿದುಕೊಂಡಳು.

"ಅಪ್ಪ, ಅದು ಪೆನ್ಸಿಲ್ ಪುಡಿ ತೂಕ. ನಿನ್ನದಲ್ಲ."

ಮೇಷ್ಟ್ರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

"ಆ ಮೂವತ್ತೊಂದೂ ನಿನ್ನದಲ್ಲ ಅನ್ಸುತ್ತೆ ಅಪ್ಪ," ಎಂದಳು ಗುಬ್ಬಿ. ಕಾಗದವನ್ನು ಮೇಡಂ ಕಡೆ ಸರಿಸಿ, "ಸೊನ್ನೆ ನೋಡಿ ಆಯ್ತಲ್ಲ. ಮನೆಗೆ ಹೋಗೋಣ ಬಾ," ಎಂದಳು.

ಮೇಷ್ಟ್ರು ಮೂಗು ಒರೆಸಿಕೊಂಡು ಎದ್ದರು. ಮೂಗಿನ ಮೇಲೆ ಕಪ್ಪು ಗೆರೆ ಎದ್ದಿತು. "ಸೀಟು ಬೇಡ ಮೇಡಂ. ನೂರು ಹಾಳೆನೂ ಕೈಯಲ್ಲಿ ನೋಡಿಸಿ, ಅಷ್ಟು ಸಾಕು," ಎಂದರು. ಮೇಡಂ ತಲೆಯಾಡಿಸಿದರು. ಅಭ್ಯರ್ಥಿಯನ್ನು ಕಳಿಸಿಕೊಡಲು ಎದ್ದು ನಿಲ್ಲಬೇಕೆಂಬ ನಿಯಮವಿರಲಿಲ್ಲ. ಅಜ್ಜಿ ಬಾಗಿಲು ದಾಟುವವರೆಗೆ ಅವರು ಎದ್ದು ನಿಂತೇ ಇದ್ದರು.

ಹದಿನೈದು ದಿನಕ್ಕೆ ಎರಡು ಲಕೋಟೆ ಒಟ್ಟಿಗೇ ಬಂದವು. ಹಾಳೆಗಳನ್ನೆಲ್ಲ ಕೈಯಲ್ಲೇ ತಿದ್ದಿದ್ದರು. ಮಕ್ಕಳ ಹಾಳೆಗಳಲ್ಲಿ ಯಂತ್ರ ತಪ್ಪು ಮಾಡಿರಲಿಲ್ಲ. ಅದು ಮೋಸಹೋಗಿದ್ದು ಒಂದೇ ಒಂದು ಹೆಬ್ಬೆರಳಿಗೆ.

ಮೇಷ್ಟ್ರ ಲಕೋಟೆಯಲ್ಲಿ ಒಂದೇ ಹಾಳೆ, ಅದರಲ್ಲಿ ನಾನೂರು, ಒಂದು, ಒಂದು ಎಂದಿತ್ತು. "ಖಾಲಿ ತಟ್ಟೆಗೆ ನಾನೂರು! ನಾನು ಹೇಳಲಿಲ್ವಾ?" ಎಂದು ಮೇಷ್ಟ್ರು ಮೇಜು ಕುಟ್ಟಿದರು. ಆಮೇಲೆ ಹುಬ್ಬು ಗಂಟಾಯಿತು. "ಪರ್ಸೆಂಟೈಲ್ ಒಂದು ಅಂದ್ರೆ ಇನ್ನೂ ಒಬ್ಬ ನನ್ನ ಹಿಂದೆ ಇದ್ದಾನೆ. ಖಾಲಿ ಹಾಳೆಗಿಂತ ಹಿಂದೆ ಅದ್ಯಾವನಪ್ಪ?" ಒಂದಕ್ಕಿಂತ ಕಡಿಮೆ ಬರೆಯುವ ಪದ್ಧತಿ ಇಲ್ಲವೆಂದು ಗುಮಾಸ್ತ ಬದಿಯಲ್ಲಿ ಕೈಬರಹದಲ್ಲಿ ಗೀಚಿದ್ದ.

ಗುಬ್ಬಿ ತನ್ನದನ್ನು ಓದಿದಳು. ಮತ್ತೊಮ್ಮೆ ಓದಿದಳು. "ಅಪ್ಪ, ನಲವತ್ತೆಂಟು!"

"ಹೇಗೆ? ನಿನ್ನ ಉತ್ತರ ಬದಲಾಗಿಲ್ಲವಲ್ಲ?"

ಅಲ್ಲಿಯೂ ಗುಮಾಸ್ತನ ಕೈಬರಹವಿತ್ತು. ಗುಬ್ಬಿ ಜೋರಾಗಿ ಓದಿದಳು. "ಮೊದಲು ನಿಮ್ಮ ತಂದೆ ಸಾಲಿನಲ್ಲಿ ನಿಮ್ಮ ಮುಂದೆ ಇದ್ದರು. ಈಗ ಹಿಂದೆ ಹೋಗಿ ನಿಂತಿದ್ದಾರೆ. ಆದ್ದರಿಂದ ಒಂದು ಹೆಚ್ಚು. ನೂರರಿಂದ ಭಾಗಿಸಿದ್ದೇನೆ, ಬಹಳ ಸಂತೋಷವಾಯಿತು."

ಐವತ್ತಕ್ಕೆ ಇನ್ನೂ ಎರಡು ಕಡಿಮೆ. ಸಂದರ್ಶನ ಇಲ್ಲ, ಸೀಟು ಇಲ್ಲ. ಹೆಂಡತಿ ಬೀರುವಿನಿಂದ ಸಮವಸ್ತ್ರ ತೆಗೆದು ಜೇಬಿನ ಲಾಂಛನದ ಹೊಲಿಗೆ ಬಿಚ್ಚತೊಡಗಿದಳು. ಬೀದಿಯ ಆ ಕೊನೆಯ ಶಾಲೆಗೂ ಬಣ್ಣ ಅದೇ, ಲಾಂಛನ ಮಾತ್ರ ಬೇರೆ. ಮೇಷ್ಟ್ರು ಮಗಳ ಮುಖವನ್ನು ಓರೆಗಣ್ಣಿನಲ್ಲಿ ನೋಡಿದರು. ಗುಬ್ಬಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಭುಜ ಕುಲುಕುತ್ತಿತ್ತು. ಅವಳು ನಗುತ್ತಿದ್ದಳು.

"ಇನ್ನೂ ಎರಡು ಬೇಕಂತೆ," ಎಂದಳು. "ಅಮ್ಮ, ಅಜ್ಜಿ, ಬರೋ ಶನಿವಾರ ನೀವೂ ಹೋಗಿ ಖಾಲಿ ಹಾಳೆ ಕೊಟ್ಟು ಬನ್ನಿ."

"ನಂಗೆ ಆರನೇ ಕ್ಲಾಸು ಬೇಡಪ್ಪ, ಮೊಣಕಾಲು ನೋವು," ಎಂದರು ಅಜ್ಜಿ.

ನಗು ನಿಂತ ಮೇಲೆ ಗುಬ್ಬಿ ಎರಡು ಲಕೋಟೆಗಳನ್ನೂ ಎತ್ತಿಕೊಂಡಳು. ಅಪ್ಪನದು ಎಡಗೈಯಲ್ಲಿ, ತನ್ನದು ಬಲಗೈಯಲ್ಲಿ. ಕಣ್ಣು ಮುಚ್ಚಿದಳು. ತಿಂಗಳ ಮೇಲಾಗಿತ್ತು ಅವಳು ಹಾಗೆ ನಿಂತು.

"ನಿಂದು ಹನ್ನೆರಡು ಗ್ರಾಂ. ನಂದು ಇಪ್ಪತ್ತಮೂರು."

ಮೇಷ್ಟ್ರು ಕೊಕ್ಕೆಯಿಂದ ಸಣ್ಣ ತಕ್ಕಡಿಯನ್ನು ಇಳಿಸಿದರು. ಸಂತೋಷದ ಅವಸರದಲ್ಲಿ ಲಕೋಟೆಯನ್ನು ಸೀದಾ ತಟ್ಟೆಗೆ ಹಾಕಲು ಹೋದರು.

"ಅಪ್ಪ," ಗುಬ್ಬಿ ಅವರ ಕೈ ತಡೆದಳು. "ಮೊದಲು ಸೊನ್ನೆ ನೋಡು."